ಟೇಪಿನ ಕೆಳಗಿನ ಕೊಂಡಿ

ಮತ್ತೆ ಕಂಪ್ಯೂಟರಿನ ಪರದೆ ಕಪ್ಪಾದಾಗ ನಾನು ಕುರ್ಚಿ ಬಿಟ್ಟು ಏಳಲಿಲ್ಲ. ನಾನು ಬರೆದ ಸೀರೆಯ ವಿನ್ಯಾಸವನ್ನು ಪರದೆಯ ಗೊಂಬೆಗೆ ಉಡಿಸುವ ಹೊತ್ತಿಗೇ ಹೀಗಾಗುತ್ತದೆ. ಫ್ಯಾನು ಜೋರಾಗುತ್ತದೆ, ಸೆರಗು ಅರ್ಧ ಮೂಡುತ್ತದೆ, ಆಮೇಲೆ ಏನೂ ಇರುವುದಿಲ್ಲ.

ಪಡಸಾಲೆಯಲ್ಲಿ ಅತ್ತೆ ಶಿವಲಿಂಗವ್ವನ ಮಗ್ಗದ ಸದ್ದು ನಿಂತಿತು.

"ನನ್ನ ಮಗನ ಕೈಯಾಗ ಒಂದ ದಿನಾನೂ ಕೆಟ್ಟಿದ್ದಿಲ್ಲ."

ಬೈದದ್ದಲ್ಲ. ಅತ್ತೆ ಬೈಯುವುದಿಲ್ಲ.

ಗಂಡ ತೀರಿಕೊಂಡು ಹತ್ತು ತಿಂಗಳು. ಇಳಕಲ್ಲಿನ ನಾಲ್ಕಾರು ನೇಕಾರರ ಮನೆಗಳಿಗೆ ಇದೇ ಕಂಪ್ಯೂಟರಿನಲ್ಲಿ ಅಂಚು, ಸೆರಗು ಬರೆದುಕೊಡುತ್ತಿದ್ದ. ಅವನ ಜಾಗದಲ್ಲಿ ನಾನು ಕೂತ ಎರಡನೇ ತಿಂಗಳಿಂದ ಪರದೆ ಕಪ್ಪಾಗತೊಡಗಿತು. ಗ್ರಾಫಿಕ್ಸ್ ಕಾರ್ಡ್ ಹೋಗಿದೆ ಎಂದು ಅಂಗಡಿಯವರು ಎರಡು ಸಲ ಬದಲಿಸಿಕೊಟ್ಟರು. ಈ ಸಲವೂ ಸರಿಹೋಗದಿದ್ದರೆ ಕಂಪ್ಯೂಟರ್ ಮಾರಿ ನನ್ನನ್ನು ಬಾದಾಮಿಗೆ, ತವರಿಗೆ ಕಳಿಸುವುದೆಂದು ಮನೆಯಲ್ಲಿ ಮಾತಾಗಿತ್ತು. ಅಲ್ಲಿ ನನಗೆ ಮಾಡಲು ಏನೂ ಇಲ್ಲ. ಇಲ್ಲಿ ಇದೊಂದಿದೆ.

ಹುನಗುಂದದಿಂದ ಗಂಡನ ಗೆಳೆಯ ಅಕೀಲ ಬಂದ. ಕಂಪ್ಯೂಟರ್ ರಿಪೇರಿ ಅವನ ಕೆಲಸ. ಒಂದು ಸಲಕ್ಕೆ ಒಂದೇ ಭಾಗ ಬದಲಿಸಬೇಕು, ಎರಡು ಬದಲಿಸಿದರೆ ಯಾವುದು ಕಳ್ಳ ಎಂದು ತಿಳಿಯುವುದಿಲ್ಲ ಎಂದ. ನಮ್ಮ ಕಾರ್ಡನ್ನು ತೆಗೆದು ತಾನು ತಂದ ಕಂಪ್ಯೂಟರಿಗೆ ಹಾಕಿದ. ಗೊಂಬೆ ಸೀರೆಯುಟ್ಟು ಒಂದು ತಾಸು ತಿರುಗಿತು.

"ಕಾರ್ಡ್ ಗಟ್ಟಿ ಐತ್ರಿ ಅಕ್ಕಾರ. ಹಿಂದಿನವೂ ಗಟ್ಟಿ ಇದ್ದವೋ ಏನೋ."

ಕಾರ್ಡನ್ನು ವಾಪಸು ಹಾಕಿ ರ‍್ಯಾಮ್ ಬದಲಿಸಿದ. ಕಪ್ಪಾಯಿತು. ಅದನ್ನೂ ಹಿಂದಿನಂತೆ ಕೂಡಿಸಿ, ಕರೆಂಟ್ ಹಂಚುವ ಡಬ್ಬಿಯನ್ನು ಬಿಚ್ಚಿ ತನ್ನದನ್ನು ಕೂಡಿಸಿದ. ನಾನು ಚಹಾ ಮಾಡಿ ತಂದರೂ ಗೊಂಬೆ ತಿರುಗುತ್ತಲೇ ಇತ್ತು.

ನಮ್ಮ ಡಬ್ಬಿಯಿಂದ ಕಾರ್ಡಿಗೆ ಹೋಗುವ ವೈರನ್ನು ಅಕೀಲ ಬೆರಳಲ್ಲಿ ಸವರಿಕೊಂಡು ಹೋದ. ನಡುವೆ ಕರಿ ಟೇಪು ಸುತ್ತಿತ್ತು. ಬಿಚ್ಚಿದ. ವೈರನ್ನು ಕತ್ತರಿಸಿ ಉದ್ದ ಮಾಡಲಾಗಿತ್ತು. ಬೆಸುಗೆ ಇರಲಿಲ್ಲ. ಒಂದು ತಂತಿಯ ತುದಿಯನ್ನು ಮಡಚಿ ಕೊಂಡಿ ಮಾಡಿ, ಇನ್ನೊಂದರ ಕೊಂಡಿಯನ್ನು ಅದರೊಳಗೆ ತೂರಿಸಿ ಹೊಸೆಯಲಾಗಿತ್ತು. ಸುತ್ತಲಿನ ಪ್ಲಾಸ್ಟಿಕ್ ಸುಟ್ಟು ಕಂದಾಗಿತ್ತು.

ಗಂಡ ಇದ್ದಾಗ ಕಂಪ್ಯೂಟರಿಗೆ ದೊಡ್ಡ ಪೆಟ್ಟಿಗೆ ತಂದಿದ್ದ; ಡಬ್ಬಿಯ ವೈರು ಕಾರ್ಡಿನವರೆಗೆ ಸಾಲಲಿಲ್ಲ. ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಕೂತು, ಮುಗೀತು ಎನ್ನುತ್ತ ಹೊರಬಂದಿದ್ದ.

"ಇದು ಬರ್ತಾ ಬರ್ತಾ ಸಡಲಾಗೇತಿ. ಕಾರ್ಡ್ ಜೋರಾಗಿ ಕರೆಂಟ್ ಜಗ್ಗಿದಾಗ ಸಾಲವಲ್ದು," ಎಂದ ಅಕೀಲ. ಅತ್ತೆಗೆ ಏನು ಹೇಳಲಿ ಎಂದು ಮೆಲ್ಲಗೆ ಕೇಳಿದ. ಡಬ್ಬಿ ಹಳೆಯದಾಗಿತ್ತು ಎಂದು ಹೇಳು ಎಂದೆ.

ಅತ್ತೆ ಆಗಲೇ ಬಾಗಿಲಲ್ಲಿ ನಿಂತಿದ್ದರು. ಕೈಚಾಚಿ ವೈರನ್ನು ಇಸಿದುಕೊಂಡು ಬೆಳಕಿಗೆ ಹಿಡಿದರು. ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆ ಕೂಡಿಸುವಾಗ ಇಲ್ಲಿ ಎಲ್ಲರೂ ಹೀಗೆಯೇ ಕೊಂಡಿ ಹಾಕುತ್ತಾರೆ. ಯಾರು ಹಾಕಿದ್ದು ಎಂದು ಅತ್ತೆ ಕೇಳಲಿಲ್ಲ.

"ಎಡಕ್ಕ ಹೊಸದಾನ," ಎಂದರು. "ಎಂಟು ವರ್ಷದಾಂವ ಇದ್ದಾಗ ನಾನ ಕಲಿಸಿದ್ದೆ. ಬಲಕ್ಕ ಹೊಸಿ ಅಂದ್ರ ಕೇಳ್ತಿದ್ದಿಲ್ಲ."

"ಸೀರಿಗೆ ಆಗಿದ್ರ ಇದು ಭಾಳ ದಿನ ಬರ್ತಿತ್ರಿ ಅಮ್ಮಾರ," ಎಂದ ಅಕೀಲ.

ಅತ್ತೆ ಕೊಂಡಿಯ ಭಾಗವನ್ನಷ್ಟೇ ಅವನಿಂದ ಕತ್ತರಿಸಿಕೊಂಡು, ಮಗ್ಗದ ಲಾಳಿಗಳನ್ನಿಡುವ ಬುಟ್ಟಿಯಲ್ಲಿ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಶ್ರುತಿ, ಆ ಸೆರಗ ಪೂರಾ ಮಾಡು. ಮಾರೂದು ಬ್ಯಾಡ."

ಕೂತೆ. ಅಕೀಲನ ಡಬ್ಬಿ ಒಳಗೇ ಇತ್ತು. ಅತ್ತೆ ಮಗ್ಗಕ್ಕೆ ಹೋಗದೆ ಕುರ್ಚಿಯ ಹಿಂದೆಯೇ ನಿಂತರು, ಸೆರಗು ಮೂಡಿ ಮುಗಿಯುವವರೆಗೂ.