ನೋಲೀನಳ ಕೋಲಾ ಮರ

ಮರ್ವ್ ಟ್ರಾಂಟರ್ ತನ್ನ ಹದಿನೈದು ಎಕರೆಯಲ್ಲಿ ನೆಟ್ಟ ನೀಲಗಿರಿ ಒಂದೇ ಒಂದು. ಅದನ್ನು ನೆಟ್ಟಿದ್ದೂ ಹೆಂಡತಿಯ ಷರತ್ತಿಗೆ. ಪೇಟೆಯ ಮನೆ ಮಾರಿ ಹ್ಯಾಮಿಲ್ಟನ್ನಿನ ಆಚೆಯ ಈ ಬಟಾಬಯಲಿಗೆ ಬರುವಾಗ ನೋಲೀನ್ ಕೇಳಿದ್ದು ಇಷ್ಟೇ: ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಮರದ ಮೇಲೆ ಒಂದು ಕೋಲಾ, ಎಲೆ ತಿಂದು ಬದುಕುವ ಆ ಗುಂಡುಮೋರೆಯ ಪ್ರಾಣಿ, ಕಾಣಬೇಕು. ಕೋಲಾಗಳಿಗೆ ಮನ್ನಾ ಜಾತಿಯ ನೀಲಗಿರಿ ಎಂದರೆ ಪ್ರಾಣ. ಮರ್ವ್ ಗೇಣುದ್ದದ ಸಸಿ ತಂದು, ಕಿಟಕಿಯಿಂದ ಅರವತ್ತು ಹೆಜ್ಜೆ ಎಣಿಸಿ, ನೆಟ್ಟ.

ಅದಾಗಿ ಇಪ್ಪತ್ತೇಳು ವರ್ಷ. ಮೊದಲ ಬೇಸಿಗೆಯಲ್ಲಿ ತಾನು ಸ್ನಾನ ಮಾಡಿದ ನೀರನ್ನೇ ಬಕೆಟ್ಟಿನಲ್ಲಿ ಹೊತ್ತು ಅದಕ್ಕೆ ಹಾಕಿದ. ಕಾಂಗರೂಗಳು ಚಿಗುರು ಕಡಿಯಬಾರದೆಂದು ಸುತ್ತ ತಂತಿ ಬಲೆ ಕಟ್ಟಿದ. ಮರ ಹದಿನೈದು ಆಳೆತ್ತರ ಬೆಳೆಯಿತು. ಬೇಸಿಗೆ ಬಂತೆಂದರೆ ತೊಗಟೆ ಮಾರುದ್ದದ ಪಟ್ಟಿಗಳಾಗಿ ಕಳಚಿ ಅಂಗಳವೆಲ್ಲ ಹರಡುತ್ತಿತ್ತು, ಮರ್ವ್ ಅದನ್ನು ಬೈಯುತ್ತಲೇ ಗುಡಿಸುತ್ತಿದ್ದ. ದಿನಾ ಬೆಳಿಗ್ಗೆ ಹಿತ್ತಲ ನಲ್ಲಿ ಸೋರುತ್ತಿದೆಯೇ ನೋಡಿ ಬರುತ್ತೇನೆಂದು ಹೋಗಿ, ಕಾಂಡವನ್ನು ಎರಡು ಸಲ ತಟ್ಟಿ ಬರುತ್ತಿದ್ದ. ಮರ ತಟ್ಟುತ್ತೇನೆಂದು ಆ ಕಡೆಯ ಯಾವ ಗಂಡಸೂ ಒಪ್ಪಿಕೊಳ್ಳುವುದಿಲ್ಲ.

ಮರಕ್ಕೆ ಗಿಳಿ ಬಂತು, ಜೇನು ಬಂತು, ಕೋಲಾ ಮಾತ್ರ ಬರಲಿಲ್ಲ. ನೋಲೀನ್ ಒಂದು ದಿನವೂ ದೂರಲಿಲ್ಲ. ಅದೇ ಮರ್ವ್‌ಗೆ ಹೆಚ್ಚು ಚುಚ್ಚುತ್ತಿತ್ತು. ಬಂದವರಿಗೆ ಟೀ ಬಗ್ಗಿಸುತ್ತ, "ಅದು ನನ್ನ ಕೋಲಾ ಮರ. ಮರ ರೆಡಿ ಇದೆ, ಕೋಲಾ ಒಂದು ಬಾಕಿ" ಅನ್ನುತ್ತಿದ್ದಳು.

ಕಳೆದ ಸೆಪ್ಟೆಂಬರಿನ ಒಂದು ಗುರುವಾರ ಬಾಕಿ ತೀರಿತು. ಬೂದುಬಣ್ಣದ ಗಡವ ಗಂಡು ಕೋಲಾವೊಂದು ಕವಲಿನಲ್ಲಿ ಕುಳಿತು, ಮನೆ ತನ್ನದೇ ಎಂಬಂತೆ ಆಕಳಿಸಿತು. ನೋಲೀನ್ ಅದಕ್ಕೆ ಆರ್ಚಿ ಎಂದು ಹೆಸರಿಟ್ಟಳು, ಸ್ಕೋನ್ ಬನ್ನು ಬೇಯಿಸಿದಳು, ನೆಂಟರಿಗೆಲ್ಲ ಫೋನ್ ಮಾಡಿದಳು. ಆ ದಿನ ಮರ್ವ್ ಎದೆಯುಬ್ಬಿಸಿ ನಡೆದ, ಕೋಲಾವನ್ನು ತಾನೇ ಹೆತ್ತವನ ಹಾಗೆ.

ಅವನ ಸಂಭ್ರಮ ಆರು ವಾರ ನಡೆಯಿತು. ಆಮೇಲೆ ಮರದ ನೆತ್ತಿಯಲ್ಲಿ ಆಕಾಶ ಕಾಣತೊಡಗಿತು. ಆರ್ಚಿ ತಿನ್ನುತ್ತಿದ್ದ, ಮಲಗುತ್ತಿದ್ದ, ಎದ್ದು ತಿನ್ನುತ್ತಿದ್ದ. ನವೆಂಬರ್ ಕಳೆಯುವಾಗ ಮುಕ್ಕಾಲು ಮರ ಬೋಳು. ಅರಣ್ಯ ಇಲಾಖೆಯಲ್ಲಿದ್ದ ಒಬ್ಬಾಕೆಯನ್ನು ಕೇಳಿದರೆ, "ಕೋಲಾನ ನೀವು ಮುಟ್ಟೋ ಹಾಗಿಲ್ಲ, ಕಾನೂನಿದೆ. ಅದು ಇಳಿದಾಗ ಕಾಂಡಕ್ಕೆ ತಗಡು ಸುತ್ತಿಬಿಡಿ, ಉಗುರು ನಾಟಲ್ಲ, ಹತ್ತಕ್ಕಾಗಲ್ಲ. ಹೀಗೇ ಬಿಟ್ರೆ ಮರ ಸತ್ತೇ ಹೋಗುತ್ತೆ" ಎಂದಳು.

ಮರ್ವ್‌ಗೆ ಊಟ ಸೇರಲಿಲ್ಲ. ಹೆಂಡತಿಗೆ ಹೇಳುವ ಧೈರ್ಯವೂ ಬರಲಿಲ್ಲ. ಬೇಲಿಯಾಚೆ ಕುರಿ ಸಾಕುವ ಕೆಲ್ವಿನ್ ಡೂಲಿಗೆ ಹೇಳಿದ.

"ಇಪ್ಪತ್ತೇಳು ವರ್ಷ ಕರೆದು ಕರೆದು, ಬಂದಮೇಲೆ ಬಾಗಿಲು ಹಾಕ್ತೀಯಲ್ಲೋ ಮಾರಾಯ" ಎಂದ ಕೆಲ್ವಿನ್. "ನೋಲೀನ್‌ಗೆ ಗೊತ್ತಾದ್ರೆ ಆ ತಗಡು ನಿನಗೇ ಸುತ್ತುತಾಳೆ."

"ನೀನು ಏಣಿ ತರ್ತೀಯೋ, ಬರೀ ಬಾಯಿ ತರ್ತೀಯೋ?"

ಮಂಗಳವಾರ ನೋಲೀನ್ ಬೌಲ್ಸ್ ಆಡಲು ಕ್ಲಬ್ಬಿಗೆ ಹೋಗುವ ದಿನ. ಅಂದು ಆರ್ಚಿ ತಾನಾಗಿ ಇಳಿದು, ಜಮೀನು ಅಳೆಯಲು ಬಂದ ಅಧಿಕಾರಿಯ ಗತ್ತಿನಲ್ಲಿ ಬೇಲಿಯತ್ತ ಹೊರಟ. ಇಬ್ಬರೂ ತಗಡು ಹಿಡಿದು ಓಡಿದರು. ಒಬ್ಬ ಎಪ್ಪತ್ತೊಂದರವನು, ಇನ್ನೊಬ್ಬನ ಮಂಡಿ ಕೆಟ್ಟಿತ್ತು. ಆದರೂ ಅರ್ಧ ಗಂಟೆಯಲ್ಲಿ ಮಿರಮಿರ ಮಿಂಚುವ ತಗಡಿನ ಪಟ್ಟಿ ಕಾಂಡದ ಸುತ್ತ ಬಿಗಿದು ಕೂತಿತು.

ಆರ್ಚಿ ಮರಳಿ ಬಂದು ಎರಡು ಸಲ ಹತ್ತಿದ, ಎರಡು ಸಲ ಜಾರಿದ, ಆಮೇಲೆ ಬುಡದಲ್ಲಿ ಕೂತು ಮರ್ವ್‌ನನ್ನೇ ನೋಡಿದ. ಮರ್ವ್ ಮುಖ ಆಚೆ ತಿರುಗಿಸಿದ.

ನೋಲೀನ್ ಬಂದವಳು ಬಯ್ಯಲಿಲ್ಲ. ತಗಡು ನೋಡಿದಳು, ಆರ್ಚಿಯನ್ನು ನೋಡಿದಳು. ದುರ್ಬೀನು ತಂದು ಬಹಳ ಹೊತ್ತು ಮೇಲೆ ನೋಡಿದಳು.

"ಮರ್ವ್."

"ಹೂಂ."

"ಕೆಳಗಿರೋದು ಆರ್ಚಿ ಆದ್ರೆ, ಮೇಲಿರೋದು ಯಾರು?"

ತುದಿಯಲ್ಲಿ, ಎಲೆ ಉಳಿದ ಒಂದೇ ಕೊಂಬೆಯಲ್ಲಿ, ಹೆಣ್ಣು ಕೋಲಾ ಕುಳಿತಿತ್ತು. ಅದರ ಬೆನ್ನ ಮೇಲೆ ಮುಷ್ಟಿಗಾತ್ರದ ಮರಿ. ಮರ ಇಷ್ಟು ಬೇಗ ಬೋಳಾದದ್ದು ಯಾಕೆಂದು ಮರ್ವ್‌ಗೆ ಆಗ ಹೊಳೆಯಿತು. ಒಬ್ಬನಿಗೆಂದು ಹಾಕಿದ ಎಲೆಯಲ್ಲಿ ಸಂಸಾರವೇ ಉಣ್ಣುತ್ತಿತ್ತು.

"ಬಾಣಂತಿನ ಮೇಲೆ ಕೂಡಿಹಾಕಿ, ಗಂಡನ್ನ ಹೊರಗೆ ಹಾಕಿದೀಯ. ಭೇಷ್" ಎಂದಳು ನೋಲೀನ್.

"ನನ್ನ ಕಡೆ ನೋಡಬೇಡಮ್ಮ, ನಂದು ಬರೀ ಏಣಿ" ಎಂದ ಕೆಲ್ವಿನ್.

ಮರ್ವ್ ಏಣಿ ಹತ್ತಿ, ಬಿಗಿದ ಮೊಳೆಗಳನ್ನು ಒಂದೊಂದಾಗಿ ಕಿತ್ತ. ಅಳು ಬರುವಂತಿತ್ತು ಅವನಿಗೆ. ಕೋಲಾ ಉಳಿದರೆ ಮರ ಸಾಯುತ್ತದೆ, ಮರ ಉಳಿದರೆ ನೋಲೀನಳ ಕೋಲಾ ಹೋಗುತ್ತದೆ. ಹೆಂಡತಿಗೆ ಕೊಟ್ಟ ಒಂದೇ ಒಂದು ಮಾತು ಎರಡೂ ಕಡೆಯಿಂದ ಕೈಕೊಟ್ಟಿತ್ತು. ಆರ್ಚಿ ಅವನ ಭುಜದ ಪಕ್ಕದಲ್ಲೇ ಹಾದು ಮೇಲೆ ಹೋದ, ಥ್ಯಾಂಕ್ಸ್ ಕೂಡ ಹೇಳದೆ.

ಮೂರನೆಯ ದಿನ ಮಧ್ಯಾಹ್ನ, ತಿನ್ನಲು ಏನೂ ಉಳಿಯದೆ, ತಾಯಿ ಮರಿಯನ್ನು ಹೊತ್ತು ಇಳಿದು ಹಳ್ಳದ ಕಡೆಯ ಕಾಡಿಗೆ ಹೊರಟಳು. ಆರ್ಚಿಯೂ ಗೊಣಗುತ್ತ ಹಿಂದೆ ಹೋದ. ನೋಲೀನ್ ಕಿಟಕಿಯಿಂದ ಅವರು ಮರೆಯಾಗುವವರೆಗೆ ನೋಡಿದಳು. ಆಮೇಲೆ ದುರ್ಬೀನಿನಿಂದ ಮರದಲ್ಲಿ ಬೇರೆ ಯಾರೂ ಇಲ್ಲವೆಂದು ನೋಡಿ, ಸುತ್ತಿಗೆ ತಂದು ಗಂಡನ ಕೈಗೆ ಕೊಟ್ಟಳು.

"ಏಳು. ತಗಡು ತಗೋ."

"ಮತ್ತೆ ಬರ್ತವೆ ಕಣೇ ಅವು."

"ಅದಕ್ಕೇ ಹೇಳಿದ್ದು ಏಳು ಅಂತ. ಮರ ಚಿಗುರಬೇಕಲ್ಲ."

ಅವಳು ತಗಡು ಹಿಡಿದಳು, ಅವನು ಹೊಡೆದ. ನಾಲ್ಕನೆಯ ಮೊಳೆಗೆ ಅವನಿಗೆ ತಡೆಯಲಾಗಲಿಲ್ಲ.

"ಇಪ್ಪತ್ತೇಳು ವರ್ಷ ಆ ಕಿಟಕೀಲಿ ಕೋಲಾ ಕಾಯ್ತಾ ಕೂತೆ. ಈಗ ನೀನೇ ಬೇಡ ಅಂತೀಯ."

"ಕೋಲಾ ಕಾದಿದ್ದು ಮೊದಲ ಎರಡು ವರ್ಷ ಇರಬೇಕು."

"ಮತ್ತೆ ಏನು ನೋಡ್ತಿದ್ದೆ?"

"ನಲ್ಲಿ ನೋಡ್ತೀನಿ ಅಂತ ಹೋಗಿ ಮರ ತಟ್ಟಿ ಬರ್ತೀಯಲ್ಲ ದಿನಾ, ಕಳ್ಳನ ಥರ ಆಚೆ ಈಚೆ ನೋಡ್ಕೊಂಡು. ಅದನ್ನ."

ಐದನೆಯ ಏಟು ಮರ್ವ್‌ನ ಹೆಬ್ಬೆರಳಿಗೆ ಬಿತ್ತು. ಕಣ್ಣಲ್ಲಿ ನೀರು ಬಂದದ್ದಕ್ಕೆ ಕಾರಣ ಹುಡುಕುವ ಕಷ್ಟ ಅವನಿಗೆ ತಪ್ಪಿತು.

ಮರುದಿನ ಬೆಳಿಗ್ಗೆ ಬೆರಳಿಗೆ ಬ್ಯಾಂಡೇಜ್ ಸುತ್ತಿಕೊಂಡೇ ಹೊರಟ. ಈ ಸಲ ಆಚೆ ಈಚೆ ನೋಡಲಿಲ್ಲ. ಬೋಳು ಮರದ ಕಾಂಡವನ್ನು ಎರಡು ಸಲ ತಟ್ಟಿ, ತಗಡನ್ನೂ ಒಂದು ಸಲ ತಟ್ಟಿ, ವಾಪಸು ಬಂದ.

ಅಡುಗೆಮನೆಯ ಕಿಟಕಿ ತೆರೆಯಿತು.

"ನಲ್ಲಿ ಸೋರ್ತಿದೆಯಾ?" ಎಂದು ಕೇಳಿದಳು ನೋಲೀನ್, ಟೀ ಕಪ್ಪು ಕೈಯಲ್ಲಿ ಹಿಡಿದು.

"ಇಲ್ಲ" ಎಂದ ಮರ್ವ್. "ನಾಳೆನೂ ಒಂದ್ಸಲ ನೋಡ್ತೀನಿ."