ನಿಂತಿದೆಯೋ, ಮಲಗಿದೆಯೋ?

"ಇದು ನಿಂತಿದೆ ಅಲ್ವೇನೋ?" ಎಂದು ಕೇಳಿದ ಅಕ್ಕ, ತಮ್ಮನು ತಲೆಯಾಡಿಸುವವರೆಗೂ ಕಾದು, ಒಂದೇ ಬೆರಳಿನಿಂದ ಕೀಲಿ ಒತ್ತಿದಳು. ಕಂಪ್ಯೂಟರ್ ಪರದೆಯ ಮೇಲೆ ಮದುಮಗಳ ಮತ್ತೊಂದು ಫೋಟೋ ಬಂತು. ಕೆಳಗೆ ಅದೇ ಪ್ರಶ್ನೆ: ನಿಂತಿದೆಯೋ, ಮಲಗಿದೆಯೋ?

ಸ್ಟುಡಿಯೋದ ಆ ಹಿಂದಿನ ಕೋಣೆಗೆ ಕಿಟಕಿಯಿರಲಿಲ್ಲ, ಬಾಗಿಲಿಗೊಂದು ಕಪ್ಪು ಪರದೆ ಮಾತ್ರ. ಹೊರಗಿನ ಕ್ಯಾಮೆರಾ, ದೀಪ, ಗಿರಾಕಿಗಳೆಲ್ಲ ಭಾವನ ಪಾಲು. ಒಳಗಿನ ಕಂಪ್ಯೂಟರ್ ಇವನ ಪಾಲು. ಮದುವೆಯ ಫೋಟೋಗಳನ್ನೆಲ್ಲ ಚಿಕ್ಕದು ಮಾಡಿ, ಸಾಲಾಗಿ ಜೋಡಿಸಿ, ಒತ್ತಿದರೆ ದೊಡ್ಡದಾಗುವಂತೆ ವೆಬ್ ಪುಟ ಕಟ್ಟಿಕೊಡುವ ಪುಟ್ಟ ಸ್ಕ್ರಿಪ್ಟೊಂದನ್ನು ಇವನೇ ಬರೆದಿದ್ದ. ಅದರಿಂದ ಸ್ಟುಡಿಯೋಗೆ ಹೆಸರು ಬಂತು, ಇವನಿಗೂ ಒಂದು ಹೆಸರು ಅಂಟಿಕೊಂಡಿತು. ಫೋಟೋ ಯಾವಾಗ ನೋಡಬಹುದು ಎಂದು ಯಾರಾದರೂ ಕೇಳಿದರೆ ಭಾವ, "ಒಳಗಿನವನನ್ನ ಕೇಳ್ಬೇಕು" ಎನ್ನುತ್ತಿದ್ದರು. ಫೋಟೋ ತೆಗೆಯುವ ಆಸೆ ಹೊತ್ತು ಬಂದವನು ಒಳಗಿನವನಾಗಿಯೇ ಉಳಿದುಬಿಟ್ಟ.

ಹಳೇ ಕ್ಯಾಮೆರಾವನ್ನು ತಿರುಗಿಸಿ ಹಿಡಿದು ತೆಗೆದ ಫೋಟೋಗಳು ಪರದೆಯ ಮೇಲೆ ಅಡ್ಡ ಮಲಗಿಬಿಡುತ್ತಿದ್ದವು. ಅದಕ್ಕೇ ಸ್ಕ್ರಿಪ್ಟು ಪ್ರತಿಯೊಂದಕ್ಕೂ ನಿಂತು ಕೇಳುತ್ತಿತ್ತು. ಆಮೇಲೆ ಹೊಸ ಕ್ಯಾಮೆರಾ ಬಂತು. ಹೇಗೆ ಹಿಡಿದರೆಂಬುದನ್ನು ಅದು ತಾನೇ ಗುರುತಿಟ್ಟುಕೊಳ್ಳುತ್ತಿತ್ತು. ಅದನ್ನು ಓದಿಕೊಂಡು ಫೋಟೋವನ್ನು ತಾನೇ ನಿಲ್ಲಿಸುವ ಸಾಲೊಂದನ್ನು ಇವನು ಸ್ಕ್ರಿಪ್ಟಿನಲ್ಲಿ ಖುಷಿಯಿಂದ ಬರೆದೂ ಬಿಟ್ಟಿದ್ದ. ಅವತ್ತೇ ಊಟಕ್ಕೆ ಕೂತಾಗ ಭಾವ ನಗುತ್ತಾ, "ಎಲ್ಲಾ ಕಂಪ್ಯೂಟರೇ ಮಾಡೋ ಹಾಗಾದ್ರೆ ನಿನ್ನನ್ನ ಯಾಕಪ್ಪಾ ಸಾಕ್ಬೇಕು?" ಎಂದಿದ್ದರು. ತಮಾಷೆಯೇ ಇರಬೇಕು. ಆದರೆ ಇವನು ಅರ್ಧಕ್ಕೇ ಕೈತೊಳೆದು ಒಳಗಿನ ಕೋಣೆಗೆ ಹೋದ. ಹೊಸ ಸಾಲಿನ ಮುಂದೆ ಕಂಪ್ಯೂಟರ್ ಓದದೆ ದಾಟಿಹೋಗುವಂತೆ ಒಂದು ಚಿಹ್ನೆ ಹಾಕಿ ಅದನ್ನು ಮಲಗಿಸಿದ. ಸ್ಕ್ರಿಪ್ಟು ಮೊದಲಿನಂತೆ ಕೇಳುತ್ತಲೇ ಹೋಯಿತು, ಇವನು ವರ್ಷಗಟ್ಟಲೆ ಕೂತು ಉತ್ತರ ಕೊಟ್ಟ.

ಈಗ ಪತ್ರಿಕೆಯೊಂದರಲ್ಲಿ ಫೋಟೋಗ್ರಾಫರ್ ಕೆಲಸ ಸಿಕ್ಕಿತ್ತು. ಸೋಮವಾರ ಸೇರಬೇಕು. "ಹೋಗಪ್ಪಾ, ಬೇಡ ಅನ್ನಲ್ಲ. ಆ ಕುರ್ಚೀಲಿ ಯಾರನ್ನಾದ್ರೂ ಕೂರಿಸಿ ಹೋಗು," ಎಂದರು ಭಾವ. ಕಿಟಕಿಯಿಲ್ಲದ ಕೋಣೆಯಲ್ಲಿ ಕೂರಲು ಯಾರೂ ಒಪ್ಪಲಿಲ್ಲ. ಕೊನೆಗೆ ಅಕ್ಕ, "ನಾನೇ ಕೂರ್ತೀನಿ ಬಿಡಿ, ಅವನಾದ್ರೂ ಹೋಗ್ಲಿ" ಎಂದಳು.

ಅಕ್ಕ ಕನ್ನಡಕ ಸರಿಮಾಡಿಕೊಂಡಳು. "ನಿಮ್ಮ ಭಾವನಿಗೆ ಎಷ್ಟು ಸಲ ಹೇಳಿದೀನಿ ಗೊತ್ತಾ? ಅವನು ಸುಮ್ನೆ ಕೂತಿದಾನೆ ಅನ್ಬೇಡಿ, ಕಣ್ಣು ಹಾಳ್ಮಾಡ್ಕೊಳ್ಳೋ ಕೆಲಸ ಅದು ಅಂತ. ಜಗಳಾನೇ ಆಡಿದೀನಿ. ಈಗ ನೋಡು, ನಾನು ಹೇಳಿದ್ದು ಸುಳ್ಳಲ್ಲ."

ಅವನಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಬಾಯಿ ಬಿಟ್ಟರೆ ಇಷ್ಟು ವರ್ಷದ ನಾಟಕ ಭಾವನಿಗೆ ಗೊತ್ತಾಗುತ್ತದೆ. ಇವನೇನೋ ಹೋಗಿಬಿಡುತ್ತಾನೆ, ದಿನಾ ಚುಚ್ಚುಮಾತು ಕೇಳಬೇಕಾದವಳು ಅಕ್ಕ. ಬಾಯಿ ಬಿಡದಿದ್ದರೆ ಅವಳು ಈ ಕತ್ತಲಲ್ಲಿ ಕೂತು ಮದುಮಕ್ಕಳನ್ನು ಎಬ್ಬಿಸುತ್ತಲೇ ಇರಬೇಕು.

"ಸ್ವಲ್ಪ ಏಳಕ್ಕಾ."

ಹೊಸ ಸಾಲಿನ ಮುಂದಿನ ಚಿಹ್ನೆಯನ್ನು ತೆಗೆದು, ಪ್ರಶ್ನೆ ಕೇಳುವ ಹಳೆಯ ಸಾಲಿನ ಮುಂದೆ ಹಾಕಿದ. ಅವಳನ್ನು ಕೂರಿಸಿ ಸ್ಕ್ರಿಪ್ಟನ್ನು ಮತ್ತೆ ಓಡಿಸಿದ. ಫೋಟೋಗಳು ಎಲ್ಲೂ ನಿಲ್ಲದೆ ಸರಸರನೆ ಸರಿದುಹೋದವು. ಅಕ್ಕನ ಬೆರಳು ಕೀಲಿಯ ಮೇಲೆ ಎತ್ತಿದಂತೆಯೇ ಇತ್ತು.

"ಕೇಳ್ತಾನೇ ಇಲ್ವಲ್ಲೋ."

"ಕೇಳ್ಬೇಕಾಗಿಲ್ಲ ಅಕ್ಕ. ಹೊಸ ಕ್ಯಾಮೆರಾ ಬಂದಾಗಿಂದ್ಲೂ ಕೇಳ್ಬೇಕಾಗಿರ್ಲಿಲ್ಲ. ನಾನೇ ಕೇಳಿಸ್ತಾ ಇದ್ದೆ."

ಅವಳು ಕನ್ನಡಕ ತೆಗೆದು ಅವನನ್ನೇ ನೋಡಿದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಅವರಿಗೆ ಗೊತ್ತಾ?"

"ಇಲ್ಲ. ಈಗ ಹೇಳ್ತೀನಿ."

ಅಷ್ಟರಲ್ಲಿ ಬಾಗಿಲ ಪರದೆ ಸರಿಸಿ ಭಾವ ಇಣುಕಿದರು. "ಎಲ್ಲಿಗೆ ಬಂತು? ಹೆಣ್ಣಿನ ಕಡೆಯವರು ಬಂದು ಕೂತಿದಾರೆ."

"ಭಾವ, ಅದು..." ಎಂದು ಇವನು ಬಾಯಿ ತೆರೆದ.

ಅಕ್ಕ ಕನ್ನಡಕ ಹಾಕಿಕೊಂಡು ಮೊದಲ ಫೋಟೋಗೆ ಹೋಗಿ, ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡಳು. "ಇನ್ನೂ ಬಹಳ ಇದೆ ರೀ. ಒಂದೊಂದೇ ನೋಡ್ಬೇಕು. ಅವಸರದ ಕೆಲಸ ಅಲ್ಲ ಇದು."

"ಸರಿ, ಇನ್ಮೇಲೆ ಒಳಗಿನವಳನ್ನ ಕೇಳ್ಬೇಕು ಅಂತೀನಿ," ಎಂದು ನಗುತ್ತಾ ಭಾವ ಹೋದರು. ಪರದೆ ಮುಚ್ಚಿಕೊಂಡಿತು.

"ಅಕ್ಕಾ," ಎಂದ ಅವನು.

"ನೀನು ಹೊರಡು. ಸೋಮವಾರಕ್ಕೆ ಬಟ್ಟೆ ಇಸ್ತ್ರಿ ಮಾಡಿಸ್ಕೋ."

ಕಂಪ್ಯೂಟರ್ ಏನನ್ನೂ ಕೇಳುತ್ತಿರಲಿಲ್ಲ. ಹೊರಗೆ ಕೂತವರಿಗೆ ಕೇಳಿಸುವಂತೆ ಅಕ್ಕ ಒಂದು ಕೀಲಿ ಒತ್ತಿದಳು, ಸ್ವಲ್ಪ ತಡೆದು ಇನ್ನೊಂದು.