ಚರ್ಮದ ಮೋಜಾ

ಡ್ರೈಯರ್‌ನಿಂದ ತೆಗೆದ ಕೆಲಸದ ಬಟ್ಟೆ, ನೀಲಿ ಸ್ಕ್ರಬ್ಸ್‌ಗೆ ಮೂಗು ಹಚ್ಚಿ ಮೆಹವಿಶ್ ಎರಡು ಸಲ ಉಸಿರೆಳೆದಳು. ಸೋಪಿನ ವಾಸನೆ ಬಿಟ್ಟರೆ ಬೇರೇನೂ ಇಲ್ಲ. ಹಾಗಾದರೆ ಆ ಇನ್ನೊಂದು ವಾಸನೆ ಎಲ್ಲಿಂದ ಬರುತ್ತಿದೆ?

ಗುರುವಾರ ಸಂಜೆ ಕೆಲಸದಿಂದ ಬಂದಾಗಲೇ ಅದು ಮೂಗಿಗೆ ಬಡಿದಿತ್ತು. ಅಮೆರಿಕದ ಡುಲುತ್ ಹತ್ತಿರದ ಆಸ್ಪತ್ರೆಯೊಂದರಲ್ಲಿ ಮಾಯದ ಗಾಯಗಳನ್ನು ನೋಡಿಕೊಳ್ಳುವ ನರ್ಸ್ ಅವಳು. ಒಂಬತ್ತು ವರ್ಷದಿಂದ ಈ ವಾಸನೆ ಕುಡಿದುಕೊಂಡೇ ಲಂಚ್ ಮುಗಿಸಿದವಳು. ಯಾರದೋ ಕಾಲಿನ ಕೀವು ಬಟ್ಟೆಗೆ ಅಂಟಿಕೊಂಡು ಮನೆತನಕ ಬಂದಿದೆ ಅಂದುಕೊಂಡು ಆವತ್ತೇ ಸ್ಕ್ರಬ್ಸ್ ಒಗೆದಳು. ಶುಕ್ರವಾರ ರಜೆ, ಆದರೂ ವಾಸನೆ ಹೋಗಲಿಲ್ಲ. ಕೆಲಸದ ಬ್ಯಾಗ್ ತಿಕ್ಕಿ ತೊಳೆದಳು, ಷೂ ಎತ್ತಿ ಗರಾಜಿಗೆ ಎಸೆದಳು, ಒಗೆದ ಬಟ್ಟೆಯನ್ನೇ ಮತ್ತೆ ಮೆಷಿನ್‌ಗೆ ಹಾಕಿದಳು. ಇವತ್ತು ಶನಿವಾರ. ಇನ್ನು ಒಗೆಯುವುದಕ್ಕೆ ಅವಳ ಚರ್ಮ ಒಂದೇ ಬಾಕಿ.

"ಮಮ್ಮಾ," ಎಂದಳು ಎಂಟು ವರ್ಷದ ಮರಿಯಮ್, ಸೀರಿಯಲ್ ಬೌಲ್ ಹಿಡಿದುಕೊಂಡು ಬಾಗಿಲಲ್ಲಿ ನಿಂತು. "ನಾನಿ ರೂಮಲ್ಲಿ ಸ್ಮೆಲ್ ಇದೆ. ಲೈಕ್, ಯುವರ್ ವರ್ಕ್ ಸ್ಮೆಲ್."

ಮೆಹವಿಶ್‌ಳ ಕೈಯಲ್ಲಿದ್ದ ಬಟ್ಟೆ ಅಲ್ಲೇ ಬಿತ್ತು.

ಅವಳ ಅಮ್ಮ, ಮರಿಯಮ್ ನಾನಿ ಎನ್ನುವ ಮಕ್ಸೂದಾ, ಮೈಸೂರಿನಿಂದ ಬಂದು ಐದು ತಿಂಗಳಾಗಿತ್ತು. ಮೂವತ್ತೊಂದು ವರ್ಷ ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿಸಿದ ಟೀಚರ್. ಮನೆಯಲ್ಲಿ ಉರ್ದು ಮಾತಾಡಿದರೂ ಬೈಯುವುದಕ್ಕೆ, ಬುದ್ಧಿ ಹೇಳುವುದಕ್ಕೆ ಕನ್ನಡವೇ ಬೇಕು. ಸಕ್ಕರೆ ಕಾಯಿಲೆ ಇಪ್ಪತ್ತು ವರ್ಷದಿಂದ ಇದೆ. ಅಂಗಾಲಿಗೆ ಸ್ಪರ್ಶ ತಿಳಿಯುವುದು ನಿಂತು ಎಷ್ಟು ಕಾಲವಾಯಿತೋ ಅವರಿಗೇ ಗೊತ್ತಿಲ್ಲ. ನವೆಂಬರಿನಲ್ಲಿ ಮಸೀದಿಯ ಹಾಲ್‌ನಲ್ಲಿ ಮೆಹವಿಶ್ ಮೂವತ್ತು ಹೆಂಗಸರಿಗೆ ಪಾದದ ಬಗ್ಗೆ ಪಾಠ ಮಾಡಿದ್ದಳು. ದಿನಾ ಅಂಗಾಲು ನೋಡಿಕೊಳ್ಳಿ, ಬಗ್ಗಲಾಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಿ, ಷೂ ಹಾಕುವ ಮುಂಚೆ ಕೊಡವಿ, ನೋವಿಲ್ಲ ಅಂತ ಸುಮ್ಮನಿರಬೇಡಿ. ಮೊದಲ ಸಾಲಿನಲ್ಲಿ ಕೂತ ಮಕ್ಸೂದಾ ಪ್ರತಿ ಮಾತಿಗೂ ತಲೆಯಾಡಿಸಿ, ಕೊನೆಗೆ ಸಮೋಸಾ ಹಂಚುತ್ತಾ "ನಮ್ಮ ಹುಡುಗಿ" ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದರು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ. ಮದ್ದು ಅಂತ ಊರಿಗೆಲ್ಲ ಹಂಚಿ, ತಾವು ಮಾತ್ರ ಒಂದು ಎಲೆ ಕೀಳಲಿಲ್ಲ.

ಇನ್ನು ಅಮ್ಮ ಹಾಕಿಕೊಳ್ಳುತ್ತಿದ್ದ ಆ ಚರ್ಮದ ಮೋಜಾ, ಅಂದರೆ ಕಾಲುಚೀಲ. ಅದನ್ನು ತಂದುಕೊಟ್ಟವಳು ಮೆಹವಿಶ್‌ಳೇ. ನಮಾಜಿಗೆ ಮುನ್ನ ಕೈಕಾಲು ತೊಳೆಯುವ ವುಜೂ ಮಾಡುವಾಗ ಅಮ್ಮ ಒಂದು ಕಾಲನ್ನು ಸಿಂಕಿನ ಮೇಲೆ ಎತ್ತಿಟ್ಟು ತೊಳೆಯುವುದನ್ನು ಕಂಡು ಅವಳ ಜೀವ ಬಾಯಿಗೆ ಬಂದಿತ್ತು. ಒದ್ದೆ ಟೈಲ್ಸ್, ಅರವತ್ತೆಂಟು ವರ್ಷ, ಜಾರಿದರೆ ಸೊಂಟದ ಮೂಳೆ. ಚರ್ಮದ ಮೋಜಾ ಹಾಕಿಕೊಂಡರೆ ನಮಾಜಿನ ಹೊತ್ತಿಗೆ ಕಾಲು ತೊಳೆಯಬೇಕಿಲ್ಲ. ಒದ್ದೆ ಕೈಯನ್ನು ಅದರ ಮೇಲೆ ಸವರಿದರೆ ಸಾಕು. ಊರಲ್ಲಿರುವವರಿಗೆ ಇದು ಒಂದು ಹಗಲು ಒಂದು ರಾತ್ರಿ ನಡೆಯುತ್ತದೆ, ಆಮೇಲೆ ಬಿಚ್ಚಿ ತೊಳೆಯಬೇಕು. ದಿನಕ್ಕೊಮ್ಮೆ ಕಾಲು ಬಿಚ್ಚುತ್ತಾರಲ್ಲ, ನೋಡಿಕೊಳ್ಳುತ್ತಾರೆ ಎಂದು ಅವಳ ಸಮಾಧಾನ.

ಮಕ್ಸೂದಾ ಮಂಚದ ಮೇಲೆ ಕೂತು ಫೋನಿನಲ್ಲಿ ಮೈಸೂರಿನ ಸುದ್ದಿ ಓದುತ್ತಿದ್ದರು. ಕೋಣೆಯೊಳಗೆ ಕಾಲಿಟ್ಟ ತಕ್ಷಣ ಮೆಹವಿಶ್‌ಗೆ ಇನ್ನು ಅನುಮಾನ ಉಳಿಯಲಿಲ್ಲ. ಈ ವಾಸನೆ ಅವಳು ಹೊರಗಿನಿಂದ ಹೊತ್ತು ತಂದದ್ದಲ್ಲ.

"ಅಮ್ಮೀ, ಮೋಜಾ ಬಿಚ್ಚಿ."

"ಈಗ್ಯಾಕೆ? ಬಿಚ್ಚಿದ್ರೆ ಮತ್ತೆ ಕಾಲು ತೊಳೀಬೇಕು. ಮಧ್ಯಾಹ್ನದ ಜುಹರ್ ನಮಾಜ್ ಮುಗೀಲಿ."

"ಯಾವಾಗ ಬಿಚ್ಚಿದ್ರಿ ಲಾಸ್ಟ್?"

"ಬುಧವಾರ."

"ಬುಧವಾರಾನಾ? ಒಂದೇ ದಿನ ಅಲ್ವಾ ಅದು?"

"ಊರಲ್ಲಿರೋರಿಗೆ ಒಂದು ದಿನ," ಎಂದರು ಮಕ್ಸೂದಾ, ದಡ್ಡ ಹುಡುಗಿಗೆ ಮಗ್ಗಿ ಹೇಳಿಕೊಡುವ ಧಾಟಿಯಲ್ಲಿ. "ಮುಸಾಫಿರರಿಗೆ ಮೂರು ದಿನ. ನಾನಿಲ್ಲಿ ಮುಸಾಫಿರ್ ತಾನೆ? ವೀಸಾದಲ್ಲೇ ವಿಸಿಟರ್ ಅಂತ ಬರ್ದಿದೆ, ನೋಡಿಲ್ವಾ ನೀನು?"

ಹದಿನೈದು ದಿನಕ್ಕಿಂತ ಹೆಚ್ಚು ಒಂದು ಕಡೆ ನಿಲ್ಲುವವರು ಪ್ರಯಾಣಿಕರಲ್ಲ ಎಂಬ ಮಾತು ಮೆಹವಿಶ್ ನಾಲಿಗೆಯ ತುದಿಗೆ ಬಂತು. ಐದು ತಿಂಗಳಿಂದ ಮಗಳ ಮನೆಯಲ್ಲಿ ಉಂಡು ಮಲಗಿ, ತಮ್ಮನ್ನು ದಾರಿಹೋಕರೆಂದು ಎಣಿಸಿಕೊಂಡೇ ಇದ್ದರಲ್ಲ ಎಂದು ಹೊಟ್ಟೆಯೂ ಉರಿಯಿತು. ಆದರೆ ಅದಕ್ಕೆಲ್ಲ ಈಗ ಹೊತ್ತಿರಲಿಲ್ಲ. ನೆಲದ ಮೇಲೆ ಕೂತು ಬಲಗಾಲಿನ ಮೋಜಾದ ಜಿಪ್ ಎಳೆದಳು.

ಒಳಗಿನ ಬಟ್ಟೆಯ ಕಾಲುಚೀಲ ಹೆಬ್ಬೆರಳ ಬುಡದಲ್ಲಿ ಒದ್ದೆಯಾಗಿ, ಕಂದಾಗಿ, ಚರ್ಮಕ್ಕೆ ಅಂಟಿಕೊಂಡಿತ್ತು. ನೀರು ಹಾಕಿ ನೆನೆಸಿ ಬಿಡಿಸಿದಳು. ಹೆಬ್ಬೆರಳ ಕೆಳಗೆ ಎಂಟಾಣೆ ಅಗಲದ ಗಾಯ. ಸುತ್ತ ಬಿಳಿಚಿದ ದಪ್ಪ ಅಂಚು, ನಡುವೆ ಕಪ್ಪು. ಹೆಬ್ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಪಾದದ ಮೇಲೆ ಕೆಂಪು ಹಬ್ಬಿ ಕಾಲಿನ ಹರಡಿನ ಹತ್ತಿರ ಬಂದಿತ್ತು. ಮೋಜಾವನ್ನು ತಲೆಕೆಳಗು ಮಾಡಿ ಕೊಡವಿದಾಗ ಟಕ್ಕನೆ ಏನೋ ನೆಲಕ್ಕೆ ಬಿತ್ತು. ಬೆರಳಿಗೆ ಚುಚ್ಚಿ ಷುಗರ್ ನೋಡುವ ಸೂಜಿಯ ತುದಿಗಿರುವ, ತಿರುಚಿ ಕಿತ್ತು ಹಾಕುವ ಹಸಿರು ಪ್ಲಾಸ್ಟಿಕ್ ಮುಚ್ಚಳ. ಕಡಲೆಕಾಳಿನಷ್ಟು ದೊಡ್ಡದು.

ದಿನಾ ಬೆಳಿಗ್ಗೆ ಕೆಲಸಕ್ಕೆ ಓಡುವ ಅವಸರದಲ್ಲಿ, ಇದೇ ಮಂಚದ ಅಂಚಿನಲ್ಲಿ ಕೂತು, ಆ ಮುಚ್ಚಳವನ್ನು ತಿರುಚಿ ಕೀಳುತ್ತಿದ್ದವಳು ಮೆಹವಿಶ್. ಬಿಚ್ಚಿಟ್ಟ ದಿನ ಮಂಚದ ಕೆಳಗೆ ಬಾಯಿ ತೆರೆದುಕೊಂಡು ನಿಂತಿರುತ್ತಿದ್ದದ್ದು ಈ ಮೋಜಾ.

ಅವಳಿಗೆ ಏನೂ ತೋಚಲಿಲ್ಲ. ದಿನಕ್ಕೆ ಹದಿನಾಲ್ಕು ಗಾಯ ನೋಡುವವಳು, ಮೊದಲು ಏನು ಮಾಡಬೇಕು ಎನ್ನುವುದೇ ಮರೆತು, ಕುಕ್ಕರುಗಾಲಲ್ಲಿ ಹಾಗೇ ಕೂತುಬಿಟ್ಟಳು. ಗಂಡ ಫಹಾದ್ ಬಂದು "ಏನಾಯ್ತು?" ಎಂದಾಗ, "ಟೇಪ್ ಕೊಡಿ, ಗಾಯ ಅಳತೆ ಮಾಡ್ಬೇಕು," ಅಂದಳು. ಅವನು ಪೆಚ್ಚಾಗಿ ನಿಂತ. ಆಮೇಲೆ ಅತ್ತೆಯ ಕಾಲಿನ ಕಡೆ ನೋಡಿ, ಕಾರಿನ ಕೀ ತರಲು ಓಡಿದ.

"ನೋವೇ ಇಲ್ವಲ್ಲೇ," ಎಂದರು ಮಕ್ಸೂದಾ ಬಗ್ಗಿ ನೋಡಲು ಹವಣಿಸುತ್ತಾ. ಪೊರೆ ಬಂದ ಕಣ್ಣಿಗೆ ಅಷ್ಟು ದೂರದ ಪಾದ ಮಸುಕು. ಮಗಳ ಮುಖ ಮಾತ್ರ ಸರಿಯಾಗಿ ಕಂಡಿತು. ಅವರ ದನಿ ಇಳಿಯಿತು. "ಬಾಬಾಜಾನ್ ಭಾಯಿ ತರಾನಾ?"

ಬಾಬಾಜಾನ್ ಮಕ್ಸೂದಾರ ಅಣ್ಣ. ಕಾಲ್ಬೆರಳಿನಿಂದ ಶುರುವಾಗಿ ಮಂಡಿಯ ತನಕ ಕತ್ತರಿಸಿಕೊಂಡು, ಮೂರು ವರ್ಷ ಗೋಡೆ ನೋಡುತ್ತಾ ಕೂತಿದ್ದು ತೀರಿಕೊಂಡವರು.

"ಕಾಲು ಮಾತ್ರ ತೆಗೆಸ್ಬೇಡ ಮೆಹವಿಶ್. ಏನಾದ್ರೂ ಮಾಡು, ಕಾಲು ಮಾತ್ರ ಬೇಡ."

ಅವರು ಹೋದದ್ದು ಮೆಹವಿಶ್ ಕೆಲಸ ಮಾಡುವ ಆಸ್ಪತ್ರೆಗೇ. ಎಮರ್ಜೆನ್ಸಿಯಲ್ಲಿ ಎಲ್ಲರೂ ಅವಳನ್ನು ಹೆಸರು ಹಿಡಿದು ಕರೆದರು, ಬೇಗ ಕೋಣೆ ಕೊಟ್ಟರು. ಆದರೆ ನಿಯಮ ನಿಯಮವೇ: ರೋಗಿಯ ಮಾತನ್ನು ಮನೆಯವರು ಅನುವಾದ ಮಾಡುವಂತಿಲ್ಲ. ಚಕ್ರದ ಕಂಬಕ್ಕೆ ಸಿಕ್ಕಿಸಿದ ಟ್ಯಾಬ್ಲೆಟ್ ತಂದು ಮಂಚದ ಪಕ್ಕ ನಿಲ್ಲಿಸಿದರು. ಎಲ್ಲಿಂದಲೋ ಒಬ್ಬ ಹೆಂಗಸಿನ ದನಿ ಬಂತು.

"ನಮಸ್ಕಾರ್ರೀ ಅಮ್ಮಾರ, ನಾ ಕನ್ನಡ ಇಂಟರ್‌ಪ್ರಿಟರ್ ಅದೀನ್ರಿ. ಈ ಖೋಲ್ಯಾಗ ಯಾರೇನು ಮಾತಾಡಿದ್ರೂ ಎಲ್ಲಾ ನಿಮಗ ಹೇಳ್ತೀನ್ರಿ."

"ಹುಬ್ಳಿ ಕಡೆಯವಳು," ಎಂದು ಮಕ್ಸೂದಾ ಆ ಸ್ಥಿತಿಯಲ್ಲೂ ಮಗಳಿಗೆ ಪಿಸುಗುಟ್ಟಿದರು.

ಸರ್ಜನ್ ಎತ್ತರದ ಹೆಂಗಸು. ಗಾಯದ ಕೆಲಸದಲ್ಲಿ ಮೆಹವಿಶ್ ಮೇಲೆ ಆಕೆಗೆ ಎಷ್ಟು ನಂಬಿಕೆಯೆಂದರೆ, ಅವಳು ಬರೆದದ್ದನ್ನು ಮತ್ತೆ ಪರೀಕ್ಷಿಸುತ್ತಿರಲಿಲ್ಲ. ಪಾದ ನೋಡಿದಳು, ಒತ್ತಿದಳು, ಕೆಂಪಿನ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದಳು. ಆಮೇಲೆ ಕೇಳಿದ ಪ್ರಶ್ನೆ ಹುಬ್ಬಳ್ಳಿಯ ದನಿಯಲ್ಲಿ ಹೊರಗೆ ಬಂತು.

"ಮನ್ಯಾಗ ನಿಮ್ಮ ಕಾಲು ಯಾರು ನೋಡ್ತಾರ್ರೀ ಅಮ್ಮಾರ?"

ಮೆಹವಿಶ್ ತಲೆ ತಗ್ಗಿಸಿದಳು. ಈ ಪ್ರಶ್ನೆಯನ್ನು ರೋಗಿಗಳ ಎಷ್ಟೋ ನೂರು ಮಕ್ಕಳಿಗೆ ಅವಳೇ ಕೇಳಿದ್ದಾಳೆ. ಅವರು ತಡವರಿಸಿದಾಗ ಮನಸ್ಸಿನಲ್ಲೇ ಛೀ ಅಂದಿದ್ದಾಳೆ.

"ನನ್ನ ಮಗಳು," ಎಂದರು ಮಕ್ಸೂದಾ ಗಟ್ಟಿಯಾಗಿ, ಕ್ಲಾಸಿನ ಕೊನೆಯ ಬೆಂಚಿಗೂ ಕೇಳುವ ಹಾಗೆ. "ದಿನಾ ನೋಡ್ತಾಳೆ. ಒಂದು ದಿನಾನೂ ತಪ್ಸಲ್ಲ."

"ನಿನ್ನೆ ನೋಡಿದ್ರೇನ್ರಿ?"

"ನೋಡಿದ್ಲು. ನಿನ್ನೆ ಸಂಜೆ. ಏನೂ ಇರ್ಲಿಲ್ಲ, ಹೂವಿನ ಹಾಗಿತ್ತು ಕಾಲು."

ಮೆಹವಿಶ್ ಬೆಚ್ಚಿ ಅಮ್ಮನ ಕಡೆ ತಿರುಗಿದಳು. ಮಕ್ಸೂದಾ ಅವಳತ್ತ ನೋಡಲಿಲ್ಲ. ಹುಟ್ಟಿದಾಗಿನಿಂದ ಅಮ್ಮ ಸುಳ್ಳು ಹೇಳಿದ್ದನ್ನು ಅವಳು ಕೇಳಿರಲಿಲ್ಲ. ಸುಳ್ಳು ಹೇಳಿದ ಮಕ್ಕಳ ಅಂಗೈಗೆ ಸ್ಕೇಲಿನಲ್ಲಿ ಕೊಟ್ಟ ಕೈ ಅದು. ಮಗಳ ಆಸ್ಪತ್ರೆಯಲ್ಲಿ, ಮಗಳ ಜನರ ಮುಂದೆ, ಮಗಳ ಮರ್ಯಾದೆ ಉಳಿಸಲು ಈಗ ಸಲೀಸಾಗಿ ಹೇಳುತ್ತಿದ್ದರು.

ಸರ್ಜನ್ನಳ ಮುಖ ಬದಲಾಯಿತು. ಮೆಹವಿಶ್ ನಿನ್ನೆ ನೋಡಿ ಏನೂ ಇರಲಿಲ್ಲ ಎಂದಮೇಲೆ, ಇದು ಒಂದೇ ರಾತ್ರಿಯಲ್ಲಿ ಇಷ್ಟು ಕಪ್ಪಾದ ಗಾಯ. ಗಂಟೆಗಂಟೆಗೂ ಮೇಲೇರುವ ಜಾತಿಯ ಸೋಂಕು. ಅದಕ್ಕೆ ಬೆರಳು ತೆಗೆದು ಕಾಯುತ್ತಾ ಕೂರುವುದಿಲ್ಲ. ಅವಳು ಪಕ್ಕದ ಹುಡುಗ ಡಾಕ್ಟರಿಗೆ ಆಪರೇಷನ್ ಕೋಣೆ ಕೇಳು ಎಂದಳು, ಕೈಯನ್ನು ಮಂಡಿಯ ಕೆಳಗೆ ಅಡ್ಡಲಾಗಿ ಹಿಡಿದು ಕತ್ತರಿಸುವ ಎತ್ತರ ತೋರಿಸಿದಳು. ಟ್ಯಾಬ್ಲೆಟ್‌ನಲ್ಲಿದ್ದ ಹೆಂಗಸಿಗೆ ಆ ಕೈ ಕಾಣಲಿಲ್ಲ.

"ಇಲ್ಲ," ಎಂದಳು ಮೆಹವಿಶ್. ಇಂಗ್ಲಿಷಿನಲ್ಲೇ, ಆದರೆ ತನ್ನದಲ್ಲದ ದನಿಯಲ್ಲಿ. "ಡಾಕ್ಟರ್, ನಿಲ್ಲಿ. ಅದು ನಿಜ ಅಲ್ಲ. ಯಾರೂ ನೋಡಿಲ್ಲ. ನಾನು ನೋಡಿಲ್ಲ. ಐದು ತಿಂಗಳಲ್ಲಿ ಒಂದೇ ಸಲ ನೋಡಿದ್ದೀನಿ, ಅವರು ಬಂದ ವಾರ. ಅಂಚು ನೋಡಿ, ದಪ್ಪಗಟ್ಟಿದೆ. ಹತ್ತು ಹನ್ನೆರಡು ದಿನದ್ದು ಇದು. ಮೋಜಾದೊಳಗೆ ನನ್ನ ಕೈಯಿಂದ ಬಿದ್ದ ಸೂಜಿ ಮುಚ್ಚಳ ಇತ್ತು. ವಾಸನೆ ಗುರುವಾರವೇ ಬಂತು. ನಾನು ಬಟ್ಟೆ ಒಗೀತಾ ಕೂತೆ."

ಟ್ಯಾಬ್ಲೆಟ್ ತನ್ನ ಕೆಲಸ ಬಿಡಲಿಲ್ಲ.

"ಅದು ಖರೆ ಅಲ್ಲರಿ. ಯಾರೂ ನೋಡಿಲ್ಲರಿ. ನಾ ನೋಡಿಲ್ಲರಿ. ಐದು ತಿಂಗಳದಾಗ ಒಂದಽ ಸಲ ನೋಡೀನ್ರಿ..."

ಮಗಳ ಒಂದೊಂದು ಮಾತೂ, ಯಾರದೋ ಬಾಯಲ್ಲಿ, ನಿಧಾನವಾಗಿ, ಏನೂ ಬಿಡದೆ ಮಕ್ಸೂದಾರ ಕಿವಿಗೆ ಬಿತ್ತು.

"ಏಯ್, ಆ ಡಬ್ಬಿ ಆರ್ಸು," ಎಂದರು. "ಎಲ್ಲರ ಮುಂದೆ ಏನೇನು ಹೇಳ್ಕೊಂಡೆ ನಿನ್ನ ಬಗ್ಗೆ? ಕೆಲ್ಸ ಹೋದ್ರೆ?"

"ಹೇಳ್ದಿದ್ರೆ ಕಾಲು ಹೋಗುತ್ತೆ ಅಮ್ಮೀ," ಎಂದಳು ಮೆಹವಿಶ್.

ಸರ್ಜನ್ ಕನ್ನಡಕ ಮೇಲೇರಿಸಿ, ಗಾಯದ ಅಂಚನ್ನು ಮತ್ತೊಮ್ಮೆ, ಬಹಳ ಹೊತ್ತು, ಹತ್ತಿರದಿಂದ ನೋಡಿದಳು. ಆಪರೇಷನ್ ಕೋಣೆಗೆ ಹೇಳಿದ್ದನ್ನು ತಡೆದು, ಮೊದಲು ಸ್ಕ್ಯಾನ್ ಮಾಡಿಸೋಣ ಎಂದಳು. ಹೊರಗೆ ಹೋಗುವಾಗ ಮೆಹವಿಶ್‌ಳ ಭುಜ ತಟ್ಟಲಿಲ್ಲ, ಸಾಮಾನ್ಯವಾಗಿ ತಟ್ಟುತ್ತಿದ್ದಳು. ಮೆಹವಿಶ್‌ಗೆ ಅದು ತಿಳಿಯಿತು, ನೋವೂ ಆಯಿತು. ಆದರೆ ಅವಳ ಕಣ್ಣು ಪೆನ್ನಿನ ಗೆರೆಯ ಮೇಲೇ ಇತ್ತು. ಒಂದು ಗಂಟೆ ಕಳೆಯಿತು. ಎರಡು ಗಂಟೆ ಕಳೆಯಿತು. ಕೆಂಪು ಬಣ್ಣ ಆ ಗೆರೆಯನ್ನು ದಾಟಲಿಲ್ಲ.

ಸಂಜೆ ಐದಕ್ಕೆ ಹೆಬ್ಬೆರಳನ್ನೂ ಅದರ ಹಿಂದಿನ ಒಂದು ತುಂಡು ಮೂಳೆಯನ್ನೂ ತೆಗೆದರು. ಪಾದ ಉಳಿಯಿತು.

ಭಾನುವಾರ ಬೆಳಿಗ್ಗೆ ಮಕ್ಸೂದಾ ಕಣ್ಣು ಬಿಟ್ಟಾಗ ಮೆಹವಿಶ್ ಮಂಚದ ಕೊನೆಯಲ್ಲಿ ಕೂತಿದ್ದಳು. ಬಲಗಾಲು ದಪ್ಪ ಬ್ಯಾಂಡೇಜಿನಲ್ಲಿ ದಿಂಬಿನ ಮೇಲಿತ್ತು. ಅವಳು ಎಡಗಾಲನ್ನು ಹೊದಿಕೆಯಿಂದ ಹೊರತೆಗೆದು, ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಬೆರಳಿನ ಸಂದಿ ಬಿಡಿಸುತ್ತಿದ್ದಳು. ಹಿಮ್ಮಡಿ, ಅಂಗಾಲು, ಉಗುರಿನ ಮೂಲೆ. ಎಲ್ಲ ನೋಡಿ ಮುಗಿದ ಮೇಲೆ ಮತ್ತೆ ಕಿರುಬೆರಳಿನಿಂದ ಶುರುಮಾಡುತ್ತಿದ್ದಳು.

ಮಕ್ಸೂದಾ ಇನ್ನೂ ಮುನಿಸಿನಲ್ಲಿದ್ದರು. ಸೀಲಿಂಗನ್ನೇ ದಿಟ್ಟಿಸುತ್ತಾ, ತಡೆಯಲಾರದೆ ಕೇಳಿದರು:

"ಆ ಕಾಲು ಹೇಗಿದೆ?"

"ಚೆನ್ನಾಗಿದೆ ಅಮ್ಮೀ."

"ದೂರದಿಂದ ನೋಡಿ ಹೇಳ್ಬೇಡ. ಕೈಯಲ್ಲಿ ಹಿಡ್ಕೊಂಡು ನೋಡು."

ಮೆಹವಿಶ್ ಎರಡೂ ಅಂಗೈಗಳ ನಡುವೆ ಇದ್ದ ಆ ಪಾದವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಆ ಹಿಡಿತ ತಿಳಿಯದೆ ಅಮ್ಮ ಸೀಲಿಂಗ್ ನೋಡುತ್ತಾ ಕಾಯುತ್ತಲೇ ಇದ್ದರು.